ಮೂಗಿನ ಮೇಷ್ಟ್ರು

ರತ್ನಾ, ನಿನ್ನ ಕಾದಂಬರಿಯನ್ನು ತೀರ್ಪುಗಾರರು ತಿರಸ್ಕರಿಸಲಿಲ್ಲ. ಅವರು ಅದನ್ನು ನೋಡಲೇ ಇಲ್ಲ — ನಾನು ಕಳಿಸಿದ್ದರಲ್ಲವೇ ನೋಡುವುದು! ಹನ್ನೊಂದು ವರ್ಷದಿಂದ ಅದು ನನ್ನ ಬೀರುವಿನಲ್ಲಿ, ಹಳೆಯ ಪಂಚಾಂಗಗಳ ಅಡಿಯಲ್ಲಿದೆ.

2003. ಕೋಟದ ಹತ್ತಿರದ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು, ನೀನು ಒಂಬತ್ತನೇ ಕ್ಲಾಸು. ಮಕ್ಕಳೇ ಬರೆದ ಕಾದಂಬರಿಗೆ ಸ್ಪರ್ಧೆ. ಶಾಲೆಗೊಂದೇ ಹಸ್ತಪ್ರತಿ, ಕನ್ನಡ ಮೇಷ್ಟ್ರ ರುಜು ಇರಲೇಬೇಕು. ನೀನು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟೆ. ಮುಂದೆಂದೋ ಬರಲಿರುವ ಕಾಲದ ಒಂದು ಪಟ್ಟಣ. ಸುತ್ತ ಗೋಡೆ, ಒಂದೇ ಬಾಗಿಲು, ಬಾಗಿಲಲ್ಲಿ ಜನರನ್ನು ಮೂಸಿ ನೋಡುವ ಯಂತ್ರ. ಮೀನಿನ ವಾಸನೆ ಬಂದವರು ಗೋಡೆಯ ಹೊರಗೆ. ಸ್ಟಾಫ್‌ರೂಮಿನಲ್ಲಿ ಎರಡು ಪುಟ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಮಕ್ಕಳು ಬರೆಯಬೇಕಾದ್ದು ಇದೇನಾ, ಗಿಳಿ ಮೊಲಗಳೆಲ್ಲ ಸತ್ತುಹೋದವೇ ಎಂದೆ. ಎಂಥ ದೊಡ್ಡ ಪಂಡಿತ ನಾನು, ಥೂ.

ಆಮೇಲೆ ಒಬ್ಬನೇ ಓದುತ್ತಾ ಹೋದೆ. ನಲವತ್ತನೇ ಪುಟದಲ್ಲಿ ಮೂಗಿನ ಮೇಷ್ಟ್ರು ಬಂದ. ವಾಸನೆ ನೋಡಿ ಮಕ್ಕಳನ್ನು ಬೆಂಚಿನಲ್ಲಿ ಕೂರಿಸುವವನು, ಕಿಸೆಯಲ್ಲಿ ಅತ್ತರು ಹಚ್ಚಿದ ಕರವಸ್ತ್ರ ಇಟ್ಟುಕೊಂಡವನು. ನನ್ನ ಕಿಸೆಯಲ್ಲೂ ಒಂದಿತ್ತು — ಇಡೀ ಶಾಲೆಗೆ ಗೊತ್ತಿತ್ತು. ಬೆಳಿಗ್ಗೆ ಅಮ್ಮನ ಜೊತೆ ಮೀನು ವಿಂಗಡಿಸಿ ಬರುತ್ತಿದ್ದ ನಿನ್ನನ್ನು ಕಿಟಕಿ ಪಕ್ಕದ ಕೊನೆಯ ಬೆಂಚಿಗೆ ಅಟ್ಟಿದವನೂ ನಾನೇ. ಮೈಯೆಲ್ಲ ಉರಿದುಹೋಯಿತು. ಮುಂದೆ ಓದಲಿಲ್ಲ, ರುಜುವನ್ನೂ ಹಾಕಲಿಲ್ಲ.

ತಿಂಗಳು ಬಿಟ್ಟು ನಿನ್ನನ್ನು ಕರೆದು, ತೀರ್ಪುಗಾರರು ಇದು ಕಥೆಯೇ ಅಲ್ಲ ಅಂದರಂತೆ, ನೋಟ್‌ಬುಕ್ ವಾಪಸು ಕೊಡುವುದಿಲ್ಲವಂತೆ ಎಂದೆ. ನೀನು ಅಳಲಿಲ್ಲ.

"ಅವ್ರ್ ಕಡೀ ಪುಟ ಓದಿರಾ ಸರ್?"

ಓದಿದರು ಎಂದೆ. ನೀನು ನನ್ನ ಮುಖ ನೋಡಿ ಹೋದೆ. ಮತ್ತೆ ಪರೀಕ್ಷೆಗೆ ಬೇಕಾದ್ದಕ್ಕಿಂತ ಒಂದು ಸಾಲನ್ನೂ ನೀನು ಹೆಚ್ಚು ಬರೆಯಲಿಲ್ಲ.

ಈಗ ಶಾಲೆಯ ಲೈಬ್ರರಿಗೆ ಇಂಥವೇ ದಪ್ಪ ದಪ್ಪ ಪುಸ್ತಕ ಬಂದಿವೆ, ಹದಿಹರೆಯದವರಿಗಂತೆ. ಹದಿನೈದರ ಹುಡುಗಿ ಸರ್ಕಾರವನ್ನೇ ಉರುಳಿಸುತ್ತಾಳೆ, ನಡುವೆ ಅವಳ ಮೇಲೆ ಇಬ್ಬರು ಹುಡುಗರ ಪ್ರೀತಿ ಬೇರೆ. ಅವುಗಳ ಬಗ್ಗೆ ಮಾತಾಡಲು ನನ್ನನ್ನೇ ನಿಲ್ಲಿಸಿದರು! ಮಕ್ಕಳು ಕರಾಳ ಭವಿಷ್ಯವನ್ನೂ ಊಹಿಸಬೇಕು ಎಂದು ಭಾಷಣ ಬಿಗಿದೆ, ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮನೆಗೆ ಬಂದು ಬೀರು ತೆಗೆದೆ. ಕಡೆಯ ಪುಟ ಓದಿದೆ.

ಪಟ್ಟಣದ ಬಾಗಿಲಿಗೆ ಒಬ್ಬ ಮೀನಿನ ಹೆಂಗಸು ಬರುತ್ತಾಳೆ, ತಲೆಯ ಮೇಲೆ ಬುಟ್ಟಿ. ಮೇಷ್ಟ್ರನ್ನು ಮಗಾ ಎಂದು ಕರೆಯುತ್ತಾಳೆ. ಅವನು —

ಹೌದು. ನೀನು ಅದನ್ನು ಬರೆಯುವ ಹಿಂದಿನ ವರ್ಷ, ನಮ್ಮ ಶಾಲೆಯ ಗೇಟಿನಲ್ಲಿ ನಡೆದದ್ದೇ ಅದು. ನೀನು ಅಲ್ಲಿದ್ದದ್ದನ್ನು ನಾನು ಗಮನಿಸಿರಲಿಲ್ಲ. ಗಂಗೊಳ್ಳಿಯಿಂದ ಬುಟ್ಟಿ ಹೊತ್ತು ಬಂದವಳು ನನ್ನ ಅಮ್ಮ, ಚಿಕ್ಕು. ಬಿಜೂರಿನ ಗದ್ದೆಮನೆಯವನು ಎಂದು ಶಾಲೆಯಲ್ಲೆಲ್ಲ ಬುರುಡೆ ಬಿಟ್ಟಿದ್ದ ನಾನು ಪ್ಯೂನ್‌ಗೆ ಹೇಳಿದ್ದು ಇಷ್ಟೇ: "ಯಾರೋ ಮೀನಿನ್ ಹೆಂಗ್ಸ್. ಕಳ್ಸ್." ಅವಳು ಮತ್ತೆಂದೂ ಬರಲಿಲ್ಲ. ಈಗಿಲ್ಲ.

ನಿನ್ನ ಕಥೆಯಲ್ಲಿ ಅತ್ತರಿನಿಂದಾಗಿ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ; ಬಾಗಿಲ ಕಾವಲುಗಾರ ಆ ಮೇಷ್ಟ್ರ ಕ್ಲಾಸಿನ ಒಬ್ಬ ಹುಡುಗಿಯನ್ನು ಕೇಳುತ್ತಾನೆ, ಈ ಮೇಷ್ಟ್ರಿಗೂ ವಾಸನೆ ಇದೆಯೇ ಎಂದು. ಅವಳ ಒಂದು ಮಾತಿಗೆ ಮೇಷ್ಟ್ರ ಕಥೆ ಮುಗಿಯುತ್ತಿತ್ತು. ಅವಳು ಹೇಳುತ್ತಾಳೆ: "ಇವ್ರಿಗೆ ಎಂತ ವಾಸ್ನಿಯೂ ಇಲ್ಲ. ಒಳ್ಗ್ ಬಿಡಿ." ಆಮೇಲೆ ಆ ತಾಯಿಯ ಬುಟ್ಟಿಯನ್ನು ತಾನು ಹೊತ್ತು, ಅವಳ ಜೊತೆ ಗೋಡೆಯ ಹೊರಗೆ ಹೋಗುತ್ತಾಳೆ.

ಹದಿನಾಲ್ಕು ವರ್ಷದ ನೀನು ನನ್ನ ಮಾನ ಕಾದಿದ್ದೆ. ಅದನ್ನು ಓದುವಷ್ಟು ತಾಳ್ಮೆಯೂ ನನಗಿರಲಿಲ್ಲ.

ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತೀಯಂತೆ. ನಾಳೆ ಬೆಳಿಗ್ಗೆ ನೋಟ್‌ಬುಕ್ ತರುತ್ತೇನೆ, ಕರವಸ್ತ್ರ ಬಿಟ್ಟು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಯಾರೋ, ಕಳಿಸಿ ಎಂದು ನೀನು ಅಂದರೆ ಹೋಗುತ್ತೇನೆ. ಆದರೆ ಅಲ್ಲಿ ಅಮ್ಮನನ್ನು ಕಂಡವರು ಇನ್ನೂ ಇದ್ದಾರೆ. ನೀವು ಯಾರು ಎಂದು ಅವರು ಕೇಳಿದರೆ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ — ಚಿಕ್ಕುವಿನ ಮಗ.