ದೊಡ್ಡ ಮೇಡಂ ಮತ್ತು ಗಾಲ್ಫ್ ವ್ಯಾನ್

ದೊಡ್ಡ ಮೇಡಂ ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಸಿಲು ತಿಂದ ಬಣ್ಣ. ಅವರು ನಮಸ್ಕಾರ ಮಾಡಿದರೆ ಇಬ್ಬರು ಬೇರೆ ಬೇರೆ ಹೆಂಗಸರ ಕೈ ಜೋಡಿಸಿದಂತೆ ಕಾಣುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗಿರಲಿಲ್ಲ.

ಜೆ.ಪಿ. ನಗರದ ಒಂದು ಬಾಡಿಗೆ ಮನೆಯ ಕೆಳಮಹಡಿಯಲ್ಲಿ ಅವರ ಕೇಂದ್ರವಿತ್ತು. ಹುಟ್ಟಿನಿಂದ ಕೈಕಾಲು ಬಿಗಿದಿರುವ ಮಕ್ಕಳಿಗೆ ಅಲ್ಲಿ ನಡೆಯುವುದು, ಕೂರುವುದು, ತುತ್ತು ಬಾಯಿಗಿಡುವುದು ಕಲಿಸುತ್ತಿದ್ದೆವು. ನಾನು ಫಿಸಿಯೋಥೆರಪಿಸ್ಟ್. ಯಾವ ದಿನ ಯಾವ ಮಗು ಏನು ಮಾಡಿತು ಎಂದು ದಿನಾಂಕ ಹಾಕಿ ಬರೆದಿಡುವುದು ನನ್ನ ಚಾಳಿ. ಮೇಡಂ ನಿವೃತ್ತ ಶಾಲಾ ಶಿಕ್ಷಕಿ, ಮನೆ ತ್ಯಾಗರಾಜನಗರದಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದರು. "ಯಾರಾದ್ರೂ ಬಂದ್ರೆ ಮೀಟಿಂಗಲ್ಲಿದ್ದಾರೆ ಅನ್ನು ಕಣೇ" ಎನ್ನುತ್ತಿದ್ದರು.

ಅವರದ್ದು ಒಂದೇ ನಿಯಮ. ಯಾವುದೇ ಮಗು ಏನನ್ನಾದರೂ ಪ್ರಯತ್ನಿಸಿದರೆ ಉಳಿದವರು ಚಪ್ಪಾಳೆ ತಟ್ಟಬೇಕು. ಆಗದಿದ್ದರೆ, ಬಿದ್ದರೆ, ಇನ್ನೂ ಜೋರಾಗಿ. "ಗೆದ್ದೋರಿಗೆ ಊರೇ ತಟ್ಟುತ್ತೆ. ಬಿದ್ದೋರಿಗೆ ನಾವು."

ಹೆಚ್ಚಿನ ಮಕ್ಕಳು ಬರುತ್ತಿದ್ದುದು ಹುಳಿಮಾವು, ಬೊಮ್ಮನಹಳ್ಳಿ ಕಡೆಯಿಂದ. ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಲು ಅವರಿಂದಾಗದು. ಹಾಗಾಗಿ ನಮ್ಮ ಜೀವ ವ್ಯಾನಿನಲ್ಲಿತ್ತು. ಊರಾಚೆಯ ಮೈದಾನದಲ್ಲಿ ಪ್ರತಿವರ್ಷ ವೃತ್ತಿಪರ ಆಟಗಾರರ ಗಾಲ್ಫ್ ಪಂದ್ಯಾವಳಿ ನಡೆಯುತ್ತಿತ್ತು. ಅಲ್ಲಿ ಕೂಡಿದ ಹಣದಲ್ಲಿ ಸುತ್ತಮುತ್ತಲಿನ ಸೇವಾಸಂಸ್ಥೆಗಳಿಗೆ ಪಾಲು. ನಮ್ಮ ಪಾಲು ಈ ವ್ಯಾನು, ಅದರ ಡೀಸೆಲ್, ಡ್ರೈವರ್ ಸಂಬಳ. ಪಕ್ಕದಲ್ಲಿ ಬಿಳಿ ಚೆಂಡಿನ ಚಿತ್ರವಿದ್ದುದರಿಂದ ಮಕ್ಕಳು ಅದನ್ನು ಗಾಲ್ಫ್ ವ್ಯಾನ್ ಎನ್ನುತ್ತಿದ್ದರು.

ಪಂದ್ಯಾವಳಿಯ ಕೊನೆಯ ದಿನ ಮಕ್ಕಳನ್ನು ಕರೆದೊಯ್ದು ವೇದಿಕೆಯ ಮೇಲೆ ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ ಹಿಡಿದು ನಿಲ್ಲುವುದು ವಾಡಿಕೆ. ಮೇಡಂಗೆ ಅದೊಂದು ದಣಿವು. "ನಗೋದೂ ಕೆಲಸಾನೇ ಕಣೇ, ಮಾಡ್ಬೇಕು" ಎಂದು ಸೀರೆ ಸರಿಮಾಡಿಕೊಳ್ಳುತ್ತಿದ್ದರು.

ಒಂದು ವರ್ಷ ಸಂಘಟಕರು ನಮ್ಮನ್ನು ಕೊನೆಯ ಗುಳಿಯ ಹತ್ತಿರ, ಹಗ್ಗದ ಈಚೆ ಕೂರಿಸಿದರು. ಆಟಗಾರನೊಬ್ಬ ಎರಡು ಹೆಜ್ಜೆ ದೂರದಿಂದ ಚೆಂಡನ್ನು ಗುಳಿಗೆ ಹಾಕಿದರೆ ಕಪ್ ಅವನದು. ಕಾರ್ಯಕರ್ತರು ನಿಶ್ಶಬ್ದದ ಫಲಕ ಎತ್ತಿದರು. ಮಕ್ಕಳೂ ಉಸಿರು ಹಿಡಿದರು. ಚೆಂಡು ಉರುಳಿ, ಗುಳಿಯ ಅಂಚನ್ನು ಸುತ್ತಿ, ಹೊರಗೇ ನಿಂತಿತು. ಅಷ್ಟು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ನಮ್ಮ ಮಕ್ಕಳು ಮಾತ್ರ ಇದ್ದಬದ್ದ ಶಕ್ತಿಯಿಂದ ಚಪ್ಪಾಳೆ ತಟ್ಟಿದರು. "ಸೂಪರ್ ಅಂಕಲ್! ಇನ್ನೊಂದ್ ಸಲ ಹೊಡೀರಿ!" ಎಂದು ಒಬ್ಬ ಕೂಗಿದ. ಟಿವಿ ಕ್ಯಾಮೆರಾ ನಮ್ಮತ್ತ ತಿರುಗಿತು. ಆಟಗಾರ ಟೋಪಿ ತೆಗೆದು ನೆಲಕ್ಕೆಸೆದು ಹೋದ.

ಸಂಘಟಕರಲ್ಲೊಬ್ಬರು ಓಡಿಬಂದರು. "ಏನ್ ಮೇಡಂ ಇದು? ಸೋತೋರನ್ನ ಹಂಗಿಸೋದಾ? ಆತನ ಸ್ಪಾನ್ಸರೇ ನಿಮ್ಮ ವ್ಯಾನಿಗೂ ದುಡ್ಡು ಕೊಡೋದು. ತುಂಬಾ ಬೇಜಾರಾಗಿದ್ದಾರೆ. ಮಕ್ಕಳ ಕೈಲಿ ಅವರಿಗೆ 'ಸಾರಿ' ಅಂತ ಹೇಳಿಸ್ಬಿಡಿ, ಮುಗೀತು."

"ನಾನು ಹೇಳ್ತೀನಿ ಸಾರ್. ಮಕ್ಕಳು ಹೇಳಲ್ಲ."

"ತಟ್ಟಿದ್ದು ಅವರು ತಾನೇ?"

"ಕಲಿಸಿದ್ದು ನಾನು. ಇವತ್ತು ಅದು ತಪ್ಪು ಅಂದ್ರೆ, ನಾಳೆ ಇವರು ಯಾವ ಧೈರ್ಯದ ಮೇಲೆ ಬೀಳೋದು?"

ವ್ಯಾನಿನ ಹತ್ತಿರ ಡ್ರೈವರ್ ಅಣ್ಣ ಗೋಗರೆದ. "ಒಂದ್ ಮಾತಲ್ವಾ ಮೇಡಂ, ಹೇಳಿಸ್ಬಿಡಿ. ನಾಳೆ ನಾನೆಲ್ಲಿಗ್ ಹೋಗ್ಲಿ?" ಮೇಡಂ ಅವನ ಮುಖ ನೋಡಲಿಲ್ಲ.

ಮುಂದಿನ ತಿಂಗಳು ವ್ಯಾನ್ ವಾಪಸ್ ಹೋಯಿತು. ಡ್ರೈವರ್ ಅಣ್ಣನಿಗೆ ಒಂದು ಶಾಲೆಯಲ್ಲಿ ಕೆಲಸ ಹುಡುಕಿಕೊಟ್ಟು, ಮೇಡಂ ತಮ್ಮ ಹಳೆಯ ಕಾರು ತೆಗೆದರು. ಬೆಳಿಗ್ಗೆ ಹುಳಿಮಾವಿಗೊಮ್ಮೆ, ಬೊಮ್ಮನಹಳ್ಳಿಗೊಮ್ಮೆ, ಸಂಜೆ ಮತ್ತೆ ಅಷ್ಟೇ. ಎಸಿ ಕೆಟ್ಟಿತ್ತು, ಬಲಗೈ ಸದಾ ಕಿಟಕಿಯ ಮೇಲೆ. ಬಂದು ನಿಲ್ಲಿಸಿದ ಮೇಲೂ ಇಳಿಯುತ್ತಿರಲಿಲ್ಲ. "ಇರು ಕಣೇ, ಕಾಲು ಇನ್ನೂ ಕ್ಲಚ್ ಮೇಲೇ ಇದೆ." ಹೀಗೆ ಎರಡು ವರ್ಷ.

ಸಾರಿ ಹೇಳಿಸಿಬಿಡಬೇಕಿತ್ತು ಅಂತ ಅನ್ನಿಸುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ದಿನಾ ಅನ್ಸುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಸಿಕ್ಕಾಕೊಂಡಾಗಂತೂ ಖಂಡಿತಾ ಅನ್ಸುತ್ತೆ. ಮಧ್ಯಾಹ್ನದ ಹೊತ್ತಿಗೆ ಮರ್ತೋಗುತ್ತೆ."

ಕಾರಿನಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಬೊಮ್ಮನಹಳ್ಳಿಯಿಂದಲೂ ಆಚೆ ಇದ್ದ ಒಬ್ಬ ಹುಡುಗಿ ಹೊರಗುಳಿದಳು. ವಾಕರ್ ಹಿಡಿದು ನಿಲ್ಲಲು ಆಗಷ್ಟೇ ಕಲಿತಿದ್ದಳು. ಭಾನುವಾರಗಳಲ್ಲಿ ಮೇಡಂ ಅವಳ ಮನೆಗೇ ಹೋಗಿ ಕಾಲು ನೀವಿ ಬರುತ್ತಿದ್ದರು. ಆಮೇಲೆ ಅವರ ಹೃದಯವೇ ಸೋತಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಕೇಂದ್ರವನ್ನು ನಡೆಸುವುದರಲ್ಲೇ ನನ್ನ ದಿನಗಳು ಮುಗಿಯುತ್ತಿದ್ದವು.

ಆಸ್ಪತ್ರೆಯಲ್ಲಿ ಒಂದು ಸಂಜೆ ನನ್ನನ್ನು ಹತ್ತಿರ ಕರೆದರು. "ಆ ಹುಡುಗಿ ಮನೆಗೆ ಹೋಗಿದ್ಯಾ?"

"ಇಲ್ಲ ಮೇಡಂ."

"ಮೇಡಂ ಮಾಡಿದ್ದೇ ಸರಿ ಅಂತ ಎಲ್ಲರೂ ಹೇಳ್ತಾರೆ, ನೋಡ್ತಿರು. ನೀನು ಹೇಳ್ಬೇಡ. ಮೊದಲು ಅವಳನ್ನ ಕೇಳು."

ಮರುವಾರ ಅವರು ತೀರಿಕೊಂಡರು. ತ್ಯಾಗರಾಜನಗರದ ಮನೆಯ ಮುಂದೆ ಬಂದವರೆಲ್ಲ ಅವರಂದಂತೆಯೇ ಹೇಳಿದರು. ನಾನು ಸುಮ್ಮನಿದ್ದೆ.

ಅದಾದ ಮೊದಲ ಭಾನುವಾರ ಎರಡು ಬಸ್ಸು ಬದಲಿಸಿ ಅವಳ ಮನೆಗೆ ಹೋದೆ. ಅವಳ ತಾಯಿ ಬಾಗಿಲಲ್ಲಿ ನನ್ನ ಹಿಂದೆ ಇನ್ನೊಬ್ಬರನ್ನು ಹುಡುಕಿದಳು. ವಿಷಯ ತಿಳಿಸಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಚಾಪೆ ಹಾಸಿದಳು. ಹುಡುಗಿಯ ಮಂಡಿ ಮಡಿಸಿದಲ್ಲೇ ಬಿಗಿದುಹೋಗಿತ್ತು. ನಾನು ಏನನ್ನೂ ಕೇಳಲಿಲ್ಲ. ಅಂಗೈಗೆ ಎಣ್ಣೆ ಹಚ್ಚಿಕೊಂಡು ಕೂತೆ. "ನಿಧಾನ ಅಕ್ಕ, ನೋಯುತ್ತೆ" ಎಂದಳು. ಇನ್ನೂ ನಿಧಾನ ಮಾಡಿದೆ.