ಮನೆಯಲ್ಲಿಲ್ಲದ ಸಮುದ್ರ

ನನಗೆ ಹೊಟ್ಟೆಕಿಚ್ಚು ಸಣ್ಣದಾಗಿ ಬರುವುದಿಲ್ಲ. ಬಂತೆಂದರೆ ಮೂರು ದಿನ ಊಟ ರುಚಿಸುವುದಿಲ್ಲ, ನಾಲ್ಕನೆಯ ದಿನ ಯಾರಿಗಾದರೂ ಚೆನ್ನಾಗಿ ಬೈದ ಮೇಲೆ ಇಳಿಯುತ್ತದೆ. ನೆಗೆಣ್ಣಿಯ ಮೇಲೆ, ಅಂದರೆ ನನ್ನ ಮೈದುನನ ಹೆಂಡತಿಯ ಮೇಲೆ ಬಂದದ್ದು ಮಾತ್ರ ಹಾಗೆ ಇಳಿಯಲಿಲ್ಲ.

ಮೈದುನನದು ಬಬಲೇಶ್ವರದಲ್ಲಿ ಗೊಬ್ಬರ, ಔಷಧದ ಅಂಗಡಿ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧವನ್ನು ಹೆಚ್ಚು ಮಾರಿದವರನ್ನು ಕಂಪನಿಯವರು ಗಂಡ ಹೆಂಡತಿ ಸಮೇತ ಥಾಯ್ಲೆಂಡಿಗೆ ಕರೆದುಕೊಂಡು ಹೋಗುತ್ತಾರೆ. ಆ ವರ್ಷ ಇವನ ಪಾಳಿ ಬಂತು. ಐದು ದಿನದ ಪ್ರವಾಸ, ಅದರಲ್ಲಿ ಮೂರು ದಿನ ಬರೀ ಸಮುದ್ರ. ಎಂಟು ಬೀಚುಗಳ ಪಟ್ಟಿ ಕೊಟ್ಟು, ದಿನಕ್ಕೊಂದರಂತೆ ಮೂರನ್ನು ಆರಿಸಿ ಕಳಿಸಿ ಎಂದಿದ್ದರು.

ಆ ಪಟ್ಟಿ ಹಿಡಿದುಕೊಂಡು ಒಂದು ರವಿವಾರ ಮಧ್ಯಾಹ್ನ ನೆಗೆಣ್ಣಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವಳ ತವರು ಕಳ್ಳಕವಟಗಿ, ಓದಿದ್ದು ಏಳನೆಯ ತರಗತಿ. ತವರಿನ ಒಣದ್ರಾಕ್ಷಿಯ ಚೀಲವನ್ನು ನನ್ನ ಮುಂದಿಟ್ಟು, ಪಟ್ಟಿಯನ್ನು ಅದರ ಮೇಲಿಟ್ಟಳು.

"ಅಕ್ಕಾರ, ನೀವ ಆರಿಸಿ ಕೊಡ್ರಿ. ನಮ್ಮ ಮನಿತನದಾಗ ಸಮುದ್ರ ನೋಡಿದವರು ನೀವೊಬ್ಬರ ಅದೀರಿ."

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ನಾನು ಸಮುದ್ರ ನೋಡಿಲ್ಲ. ಇಪ್ಪತ್ತೆರಡು ವರ್ಷದಿಂದ ವಿಜಯಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೇನೆ, ನೀಲಿ ಸೀಮೆಸುಣ್ಣದಿಂದ ಕರಾವಳಿಯ ಗೆರೆಯನ್ನು ಕಣ್ಣು ಮುಚ್ಚಿ ಎಳೆಯಬಲ್ಲೆ. ಆದರೆ ಬಿ.ಎಡ್. ಓದುವಾಗ ಗೆಳತಿಯರೆಲ್ಲ ಕಾರವಾರಕ್ಕೆ ಹೋದರು, ಅಪ್ಪ ನನ್ನನ್ನು ಕಳಿಸಲಿಲ್ಲ. ಹೋಗಿ ಬಂದವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ನನ್ನದೇ ಎಂದು ಹೇಳತೊಡಗಿದೆ. "ತೆರೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭೂಮಿಯೇ ಸರಿದಂತೆ ಆಗುತ್ತದೆ" ಎಂದು ಮಕ್ಕಳಿಗೂ ಹೇಳಿದೆ, ಗಂಡನ ಮನೆಯಲ್ಲೂ ಹೇಳಿದೆ. ಮದುವೆಯಾದ ಮೇಲೆ ಪ್ರತಿ ರಜೆಯಲ್ಲೂ ಹೋಗೋಣ ಎಂದೆ. ನನ್ನ ಗಂಡನಿಗೆ ಮನೆಯ ಕಟ್ಟೆ ಬಿಟ್ಟರೆ ಬೇರೆ ಊರಿಲ್ಲ. "ನೀ ನೋಡಿಯಲ್ಲ, ಮತ್ತೇನ ನೋಡತಿ?" ಎಂದುಬಿಡುತ್ತಿದ್ದರು. ನನ್ನ ಸುಳ್ಳು ನನ್ನ ಕಾಲಿಗೇ ತೊಡಕಾಯಿತು.

ಈಗ ಇವಳು ಹೋಗುತ್ತಾಳೆ! ಭೂಪಟದಲ್ಲಿ ಥಾಯ್ಲೆಂಡ್ ತೋರಿಸು ಎಂದರೆ ಶ್ರೀಲಂಕಾದ ಮೇಲೆ ಬೆರಳಿಡುವವಳು ವಿಮಾನ ಹತ್ತುತ್ತಾಳೆ!

ಆದರೂ ಮೊದಲ ಒಂದು ತಾಸು ನಾನು ಸುಖವಾಗಿದ್ದೆ, ಸುಳ್ಳು ಹೇಳುವುದಿಲ್ಲ. ಮೊಬೈಲಿನಲ್ಲಿ ಒಂದೊಂದೇ ಬೀಚು ತೆಗೆದು ಚಿತ್ರ ನೋಡಿದೆ, ಹೋಗಿ ಬಂದವರು ಬರೆದದ್ದನ್ನು ಓದಿದೆ. ಇದು ಬೇಡ, ಬಂಡೆಗಲ್ಲು. ಇದು ಬೇಡ, ಸಂತೆಯಂತೆ ಜನ. ಮೂರನೆಯದು ಬೆಳ್ಳಗಿನ ಮರಳು, ದಂಡೆಯ ತನಕ ಬಾಗಿದ ತೆಂಗು, ಮೊಣಕಾಲುಮಟ್ಟದ ತಿಳಿನೀರು. ಅದರ ಮುಂದೆ ನಾನು ಬಹಳ ಹೊತ್ತು ಕುಳಿತೆ. ನನಗಾಗಿಯೇ ಆರಿಸುತ್ತಿದ್ದೆ.

"ನಂದು ಒಂದ ಆಸೆ ನೋಡ್ರಿ ಅಕ್ಕಾರ," ಎಂದಳು ನೆಗೆಣ್ಣಿ. "ನೀರಿನ ತನಕ ನಡಕೊಂಡು ಹೋಗೂವಂಗ ಇರಬೇಕು. ಗಂಗವ್ವಗ ಉಡಿ ತುಂಬಬೇಕು. ಮೊದಲ ಸಲ ನೋಡಾಕ ಹೊಂಟೇನಿ, ಬರಿಗೈಲೆ ಹ್ಯಾಂಗ ಹೋಗಲಿ?"

ಕೊಲ್ಹಾರದ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದಲೇ ಕೃಷ್ಣೆಗೆ ಕೈ ಮುಗಿಯುವವಳು ಇವಳು. ರವಿಕೆಯ ಖಣ, ಕೊಬ್ಬರಿಬಟ್ಟಲು, ಅರಿಷಿಣ ಕುಂಕುಮ, ಎಲ್ಲವನ್ನೂ ಆಗಲೇ ಜೋಡಿಸಿಟ್ಟಿದ್ದಳು. ನನ್ನ ಬೀಚಿನಲ್ಲಿ, ನನ್ನ ತೆಂಗಿನ ಕೆಳಗೆ ಇವಳು ಇಳಕಲ್ ಸೀರೆ ಉಟ್ಟು ನಿಲ್ಲುವುದು ಕಣ್ಣಿಗೆ ಕಟ್ಟಿತು ನೋಡಿ, ಹೊಟ್ಟೆಗೆ ಬೆಂಕಿ ಬಿತ್ತು. ಮೂರನೆಯದನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಮೊದಲ ದಿನಕ್ಕೆ ಏಳನೆಯದನ್ನು ಬರೆದೆ. ಏಳನೆಯದರ ಬಗ್ಗೆ ಜನ ಏನು ಬರೆದಿದ್ದರು ಎಂಬುದನ್ನು ಓದಿಯೇ ಬರೆದೆ: ಹಗಲು ಹೊತ್ತು ನೀರು ಮೈಲಿಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಬರೀ ಕೆಸರು, ಹೋಗಬೇಡಿ. ಉಳಿದೆರಡು ದಿನಕ್ಕೆ ಸುಮಾರಾದವನ್ನು ಬರೆದು ಕೊಟ್ಟೆ. ಅವಳು ನನ್ನ ಕಾಲಿಗೆ ನಮಸ್ಕರಿಸಿ ಹೋದಳು.

ಅವರು ಹೋದ ಮೇಲೆ ಮೊದಲ ಸಮುದ್ರದ ದಿನ ಮೊಬೈಲನ್ನು ಎಷ್ಟು ಸಲ ನೋಡಿದೆನೋ. ಒಂದು ಫೋಟೊ ಬರಲಿಲ್ಲ. ಮಧ್ಯಾಹ್ನದ ತನಕ ಖುಷಿಯಾಗಿದ್ದೆ. ಸಂಜೆಗೆ ಹೆದರಿಕೆ ಹತ್ತಿತು, ಕೆಸರಿನಲ್ಲಿ ಏನಾದರೂ ಆಯಿತೋ ಎಂದು. ಮರುದಿನ ಇಬ್ಬರೂ ನಗುತ್ತ ನಿಂತ ಫೋಟೊ ಬಂತು, ಹೆದರಿಕೆ ಹೋಗಿ ಕಿಚ್ಚು ಮತ್ತೆ ಬಂತು.

ತಿರುಗಿ ಬಂದ ಮೇಲೆ ಮಾತಾಡಿಸದೆ ಇರಲಾಗುತ್ತದೆಯೇ? ಬಬಲೇಶ್ವರಕ್ಕೆ ಹೋದೆ. ಅಂಗಡಿಯ ಹಿಂದೆಯೇ ಅವರ ಮನೆ. ಹೊಸ್ತಿಲು ದಾಟುವ ಮೊದಲೇ ಮೈದುನ ಶುರು ಮಾಡಿದ.

"ಏನ್ ವೈನಿ, ಎಂಥಾ ಜಾಗ ಆರಿಸಿ ಕೊಟ್ರಿ! ಹತ್ತು ಗಂಟೇಕ್ಕ ಹೋಗಿ ನೋಡ್ತೀವಿ, ಸಮುದ್ರನ ಇಲ್ಲ! ಉಳಿದವರೆಲ್ಲ ಬ್ಯಾರೆ ಕಡೆ ದೋಣ್ಯಾಗ ಕುಂತು ಮಜಾ ಮಾಡಿದ್ರು. ನಾವು ಹೋಗೂಣಂದ್ರ ಈಕಿ ಏಳವಲ್ಲಳು!"

"ಯಾಕ?" ಎಂದೆ.

"ಮನ್ಯಾಗ ಇಲ್ಲದಾಕಿಗೆ ಉಡಿ ಹ್ಯಾಂಗ ತುಂಬೂದ್ರಿ?" ಒಳಗಿನಿಂದ ನೆಗೆಣ್ಣಿಯೇ ಉತ್ತರ ಕೊಟ್ಟಳು. "ಹೊರಗ ಹೋಗ್ಯಾಳ, ಬರ್ತಾಳ ಅಂತ ಕುಂತ್ವಿ."

ಕುಳಿತೇ ಇದ್ದರಂತೆ. ದಂಡೆಯ ಮೇಲೆ ಚಾದರ ಹಾಸಿ, ಮನೆಯಿಂದ ಒಯ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಉಂಡು, ಸಮುದ್ರ ಮನೆಗೆ ಬರುವುದನ್ನು ಕಾಯುತ್ತ ಕುಳಿತರು. ನಾಲ್ಕು ಗಂಟೆಯ ಸುಮಾರಿಗೆ ದೂರದಲ್ಲಿ ಬಿಳಿ ಗೆರೆ ಕಂಡಿತು. ಹರಿವಾಣ ಹಿಡಿದು ನಿಂತವಳ ಕಾಲ ತನಕ ತಾನಾಗಿಯೇ ಬಂತು. "ನಾ ಒಂದ ಹೆಜ್ಜಿ ಮುಂದ ಹೋಗಲಿಲ್ರಿ ಅಕ್ಕಾರ, ಆಕಿನ ಬಂದ್ಲು" ಎಂದಳು. ಅವಳ ಮುಖ ನೋಡಲಾಗಲಿಲ್ಲ ನನಗೆ. ಹಾಳಾಗಲಿ ಎಂದು ಕಳಿಸಿದ ಜಾಗದಲ್ಲಿ ಸಮುದ್ರವೇ ನಡೆದುಬಂದು ಇವಳ ಕಾಲು ತೊಳೆಯಬೇಕೆ!

ಅಂಗಡಿಗೆ ಗಿರಾಕಿ ಬಂದರು, ಮೈದುನ ಎದ್ದು ಹೋದ. ನಾನು ಅಡುಗೆಮನೆಗೆ ಹೋದೆ. ನೆಗೆಣ್ಣಿ ಚಹಾ ಸೋಸುತ್ತ ದನಿ ತಗ್ಗಿಸಿದಳು.

"ಎರಡು ಖಣ ಒಯ್ದಿದ್ನಿರಿ. ಒಂದು ನಂದು, ಒಂದು ನಿಮ್ಮ ಹೆಸರ್ಲೆ. ಇದು ನಮ್ಮ ಅಕ್ಕಾರದು, ಅವರು ನಿನ್ನ ಇನ್ನೂ ನೋಡಿಲ್ಲವ್ವಾ ಅಂತ ಹೇಳಿ ಬಿಟ್ನಿ."

"ನೋಡಿಲ್ಲ ಅಂತ ಯಾರಂದ್ರು ನಿನಗ?"

"ಯಾರೂ ಅಂದಿಲ್ರಿ. ಅಷ್ಟೊತ್ತು ಕುಂತಿದ್ನೆಲ್ಲ, ವಿಚಾರ ಮಾಡಿದ್ನಿ. ನೀವು ಯಾವಾಗ ಹೇಳಿದ್ರೂ ಅದ ಒಂದ ಮಾತು ಹೇಳ್ತೀರಿ, ಕಾಲ ಕೆಳಗಿನ ಉಸುಕು ಸರೀತದ ಅಂತ. ಈಗ ನಾನೂ ಮೂರು ದಿನ ನೋಡಿ ಬಂದೇನಿ, ಎಷ್ಟ ಹೇಳಿದ್ರೂ ಮುಗಿವಲ್ದು. ಅಲ್ಲಿ ಕುಂತಾಗ ಇವ್ರು ನಿಮಗ ಬೈಯಾಕತ್ತಿದ್ರು. ನಾ ಮನಸಿನಾಗ ಅಂದ್ಕೊಂಡ್ನಿ, ಪಾಪ, ನೋಡಿದ್ರ ನಮ್ಮ ಅಕ್ಕಾರು ಇಂಥಾದು ಆರಸ್ತಿದ್ರೇನು? ನೀರು ಹಿಂದ ಹೋಗೂದು ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ಸೆರಗಿಗೆ ಹೋಯಿತು. ಉಬ್ಬರ ಇಳಿತದ ಪಾಠವನ್ನು ಪ್ರತಿ ವರ್ಷ ಮಾಡುವವಳು ನಾನು. ನನಗೆ ಗೊತ್ತಿತ್ತು ಎಂದರೆ ಕೆಟ್ಟವಳಾಗಬೇಕು, ಗೊತ್ತಿರಲಿಲ್ಲ ಎಂದರೆ ಸುಳ್ಳಿ ಮತ್ತು ದಡ್ಡಿ ಎರಡೂ ಆಗಬೇಕು. ಏಳನೆಯ ತರಗತಿಯವಳು ನನಗೆ ಒಂದು ಬಾಗಿಲು ತೆರೆದಿಟ್ಟು, ಚಹಾದ ಕಪ್ಪು ಹಿಡಿದು ನಿಂತಿದ್ದಳು.

"ಹೌದು ಬೇ," ಎಂದೆ. "ನೋಡಿಲ್ಲ. ಗೊತ್ತಾಗಲಿಲ್ಲ."

"ನಾ ಯಾರ ಮುಂದೂ ಹೇಳಂಗಿಲ್ರಿ," ಎಂದಳು. ಇವತ್ತಿಗೂ ಹೇಳಿಲ್ಲ.

ಸಮುದ್ರವನ್ನಾದರೂ ನಾನು ಮುಂದೆ ಎಂದಾದರೂ ನೋಡಿಯೇನು. ನನ್ನನ್ನೇ ಒಬ್ಬಳು ಹೀಗೆ ಕೆಸರಿಗೆ ಕಳಿಸಿದ್ದರೆ, ಅವಳ ಹೆಸರಿನಲ್ಲಿ ನೀರಿಗೆ ಖಣ ಬಿಡುವ ಮನಸ್ಸು ಮಾತ್ರ ನನಗೆ ಬರುವುದಿಲ್ಲ. ಆ ಮನಸ್ಸಿನ ಮೇಲಿನ ಹೊಟ್ಟೆಕಿಚ್ಚು ಯಾರಿಗೆ ಬೈದರೂ ಇಳಿಯುತ್ತಿಲ್ಲ.