ಗುಳ್ಳೆ ಇಲ್ಲದ ಪೀಸುಗಳು

ಮೊನ್ನೆ ವಡಾಲ ಸ್ಟೇಷನ್ನಿನಲ್ಲಿ ಲೋಕಲ್ ರೈಲು ತಡವಾಯಿತು. ನಾನು ಕೂತಿದ್ದ ಫೈಬರ್ ಕುರ್ಚಿಯ ಅಂಚು ಒಡೆದಿತ್ತು. ನೀವಾದರೆ ಅಂಗಿ ಹರಿದೀತೆಂದು ಸರಿದು ಕೂರುತ್ತಿದ್ದಿರಿ. ನಾನು ಬಗ್ಗಿ ನೋಡಿದೆ. ಪದರಗಳ ನಡುವೆ ಸಾಸಿವೆಯಷ್ಟು ಗಾಳಿಗುಳ್ಳೆಗಳು. ಬಿರುಕು ಅವುಗಳ ಮೇಲಿಂದಲೇ ಹೋಗಿತ್ತು. ಹಿಂದೆ ನಮ್ಮ ಕಾರ್ಖಾನೆಗೆ ಬಂದಿದ್ದ ಕಾಲೇಜಿನ ಸರ್ ಹೇಳುತ್ತಿದ್ದದ್ದು ಇದನ್ನೇ.

ನಾನು ಓದಿದ್ದು ಏಳನೇ ಕ್ಲಾಸು. ಉಡುಪಿ ಕಡೆಯಿಂದ ಮಾವನ ಹೋಟೆಲಿಗೆ ಬಂದವನು, ಗಿರಾಕಿಗಳ ಜೊತೆ ಜಗಳವಾಡಿ ಕಾಂದಿವಲಿಯ ಫೈಬರ್ ಕಾರ್ಖಾನೆ ಸೇರಿದೆ. ಕೆಲಸ ಇಷ್ಟೇ: ಗಾಜಿನ ನೂಲಿನ ಚಾಪೆ ಹಾಸು, ರೆಸಿನ್ ಅಂಟು ಹಚ್ಚು, ರೋಲರ್ ಎಳೆ, ಮತ್ತೆ ಚಾಪೆ. ರೋಲರ್ ಎಳೆಯುವುದು ಒಳಗಿನ ಗಾಳಿ ಹೊರಗೆ ಹೋಗಲಿ ಎಂದು. ಮೂರು ಸಲ ಎಳೆಯಬೇಕು. ಅವಸರದಲ್ಲಿ ಒಂದೇ ಸಲ ಎಳೆಯುತ್ತೇವೆ. ಮೇಲೆ ಬಣ್ಣ ಬಿದ್ದರೆ ಯಾರಿಗೂ ಕಾಣುವುದಿಲ್ಲ. ಗಾಜಿನ ನೂಲು ತಾಗಿ ಮೈ ತುರಿಸುವ ಕಥೆ ಬೇರೆ, ಅದು ಬಿಡಿ.

ಸರ್ ಮೈಸೂರಿನವರು, ಇಲ್ಲಿಯ ಒಂದು ಕಾಲೇಜಿನಲ್ಲಿದ್ದರು. ಇಂಥ ಮಾಲು ಹೇಗೆ ಮುರಿಯುತ್ತದೆ ಎಂದು ಹುಡುಕುವುದೇ ಅವರ ಜೀವಮಾನದ ಕೆಲಸ. ಮುರಿಯುವುದಕ್ಕೂ ಸಂಬಳ ಕೊಡುತ್ತಾರಾ ಎಂದು ನಾನು ನಗುತ್ತಿದ್ದೆ. ಅವರ ಜೊತೆಯವರು ಲ್ಯಾಬಿನಲ್ಲಿ ತಾವೇ ನಾಜೂಕಾಗಿ ಮಾಡಿದ ಪೀಸು ಮುರಿದು ನೋಡುತ್ತಿದ್ದರಂತೆ. ಊರು ತುಂಬ ಇರುವುದು ನಮ್ಮಂಥವರು ಮಾಡಿದ ಟ್ಯಾಂಕು, ಕುರ್ಚಿ; ಅವು ಗುಳ್ಳೆಯಿಂದಲೇ ಸೀಳುತ್ತವೆ ಎನ್ನುವುದು ಸರ್ ವಾದ. ರಿಟೈರ್ ಆಗುವುದರೊಳಗೆ ಅದನ್ನು ತೋರಿಸಬೇಕೆಂದು ನಮ್ಮಲ್ಲಿಗೆ ಬಂದರು. ನಾನು ಕನ್ನಡದವನು ಅಂತ ಗೊತ್ತಾಗಿ ನನ್ನ ಪಕ್ಕವೇ ಸ್ಟೂಲು ಹಾಕಿಕೊಂಡು, ಮುರಿದು ನೋಡಲು ಕೆಲವು ಪೀಸು ಕೇಳಿದರು.

"ದಿನಾ ಹೆಂಗೆ ಮಾಡ್ತೀಯೋ ಹಂಗೇ ಮಾಡಪ್ಪ," ಅಂದರು. "ನಂಗೋಸ್ಕರ ಏನೂ ಜಾಸ್ತಿ ಮಾಡಬೇಡ."

ನಮ್ಮ ಕಡೆ ನೆಂಟರು ಸಾಕು ಸಾಕು ಅಂದಮೇಲೂ ಇನ್ನೊಂದು ಸೌಟು ಬಡಿಸುತ್ತೇವೆ. ಸರ್ ಮಾತನ್ನೂ ನಾನು ಹಾಗೇ ತೆಗೆದುಕೊಂಡೆ. ಕಾರ್ಖಾನೆಯ ಯಜಮಾನ ಸೇಠ್ ಕೂಡ, ಕಾಲೇಜಿಗೆ ಹೋಗುವ ಮಾಲು, ಮರ್ಯಾದೆ ತೆಗೆಯಬೇಡ ಅಂದಿದ್ದ. ಸರ್ ಹೋದಮೇಲೆ ಒಂದೊಂದು ಪೀಸಿಗೂ ಮೂರು ಸಲ ರೋಲರ್ ಎಳೆದೆ. ಬೆಳಕಿಗೆ ಹಿಡಿದು ನೋಡಿದೆ. ಅಷ್ಟು ಚಂದದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಸರ್ ಮತ್ತೆ ಬಂದರು. ಪೀಸುಗಳನ್ನು ಸೀಳಿ ನೋಡಿದರೆ ಗುಳ್ಳೆಯೇ ಇಲ್ಲವಂತೆ. ಮೀಟಿಂಗಿನಲ್ಲಿ ಜೊತೆಯವರು ನಕ್ಕರಂತೆ. "ನಾನೇ ತಪ್ಪು ತಿಳ್ಕೊಂಡಿದ್ದೆ ಕಣಪ್ಪ," ಎಂದು ನನ್ನ ಬೆನ್ನು ತಟ್ಟಿದರು. ಸರ್ ದಿನದ ಮಾಲನ್ನೇ ಕೇಳಿದ್ದರೆಂದು ಆಗಲೇ ನನಗೆ ಅರ್ಥವಾಯಿತು. ನಿಜ ಹೇಳಿದರೆ ನಮ್ಮ ದಿನದ ಮಾಲು ಕಳಪೆ ಎಂದು ಹೇಳಿದ ಹಾಗೆ. ಸೇಠ್ ಪಕ್ಕದಲ್ಲೇ ಇದ್ದ. ಹೇಳದೆ ರೋಲರ್ ಎತ್ತಿಕೊಂಡೆ. ಅದೇ ವರ್ಷ ಸರ್ ರಿಟೈರ್ ಆದರು.

ಆರು ವರ್ಷ ಹೀಗೇ ಹೋಯಿತು. ಮೊನ್ನೆ ಆ ಕುರ್ಚಿಯಿಂದ ಎದ್ದವನು ಲೋಕಲ್ ಹತ್ತಲಿಲ್ಲ. ಸರ್ ಮನೆ ವಡಾಲದಲ್ಲೇ. ವಿಚಾರಿಸಿಕೊಂಡು ಹೋದೆ. ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ.

ಅವರು ಬಾಗಿಲಲ್ಲೇ ನಿಂತು ಕೇಳಿದರು.

"ಹಂಗಾದ್ರೆ ದಿನದ ಪೀಸಲ್ಲಿ ಗುಳ್ಳೆ ಇರುತ್ತೆ?"

"ಉಂಟು ಸರ್. ತುಂಬ ಉಂಟು."

ಮುಖ ಒಂದು ಗಳಿಗೆ ಅರಳಿತು. ಆಮೇಲೆ ಇಳಿಯಿತು. ಬೇಕಾದರೆ ಈಗಲೇ ಹೊಸ ಪೀಸು ಮಾಡಿಕೊಡುತ್ತೇನೆ ಅಂದೆ. ಮುರಿದು ನೋಡುವ ಯಂತ್ರ ಕಾಲೇಜಿನದು, ಈಗ ಅಲ್ಲಿ ತನ್ನನ್ನು ಗುರುತಿಸುವವರೇ ಇಲ್ಲ ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲಿಫ್ಟಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ಏನೇ ಅನ್ನು, ಆ ಪೀಸುಗಳು ಭಾಳ ಚೆನ್ನಾಗಿದ್ವು."

ಮರುದಿನ ಕೆಲಸಕ್ಕೆ ಹೋದೆ. ಸಂಜೆಯೊಳಗೆ ಹನ್ನೆರಡು ಕುರ್ಚಿ ಬೇಕು ಎಂದ ಸೇಠ್. ರೋಲರ್ ಒಂದು ಸಲ ಎಳೆದು ಕೈ ನಿಲ್ಲಿಸಿದೆ. ರೆಸಿನ್ ಒಳಗೆ ಗುಳ್ಳೆಗಳು ಕೂತಿದ್ದವು. ನೋಡಿದೆ. ಮೇಲೆ ಇನ್ನೊಂದು ಚಾಪೆ ಹಾಸಿದೆ.